ಹನ್ನೆರಡನೆಯವನು

ಕೂತುಕೋ ಎರ್ಮೆಸ್. ಕೋಟು ಆ ಮೊಳೆಗೆ ಹಾಕು.
ಕಿರ್ರೆಂದರೆ ಬೆಚ್ಚಬೇಡ,
ಕೆಳಗೆ ಕೀಲಿ ಕೊರೆಯುವವನ ಅಂಗಡಿ.
ಬೊಲೊನ್ಯಾದಲ್ಲಿ ದಿನಕ್ಕೆಷ್ಟು ಜನ
ತಮ್ಮದೇ ಬಾಗಿಲ ಹೊರಗುಳಿಯುತ್ತಾರೋ
ಅವನಿಗೇ ಗೊತ್ತು.

ಎಡಗೈಯಲ್ಲಿ ತೆಗೆ ಅಂದೆ, ಬಲಗೈ ಹಾಕಿದೆ.
ಆಗಲಿ. ಬಂದವನು ಇವನು:
ಕೊಂಬೆ ಕಡಿದ ಎರಡು ಮರ, ಮೇಲೊಂದು ಅಡ್ಡಗಳು,
ಒಂದೇ ಕಾಲಿಗೆ ಹಗ್ಗ,
ಇನ್ನೊಂದು ಕಾಲು ಮಡಿಸಿ, ಕೈ ಬೆನ್ನಿಗಿಟ್ಟು
ಕ್ಷೌರಕ್ಕೆ ಸರದಿ ಕಾಯುವವನ ಹಾಗೆ
ನಿರುಮ್ಮಳ.

ಪುಸ್ತಕ ಓದಿ ಕಲಿತವರು ಹೇಳುತ್ತಾರೆ:
ತಾಳ್ಮೆ. ತ್ಯಾಗ. ಲೋಕವನ್ನು ಇನ್ನೊಂದು ಕಡೆಯಿಂದ ಕಾಣುವುದು.
ಇಪ್ಪತ್ತೈದು ಯೂರೋ.
ನಾನೂ ಹಾಗೇ ಹೇಳುತ್ತೇನೆ,
ಬಸುರಿಯರಿಗೆ, ಫಲಿತಾಂಶ ಕಾಯುವ ಹುಡುಗರಿಗೆ.

ಆದರೆ ನಮ್ಮಪ್ಪ ಕಾರ್ಡನ್ನು ಏನೂ ಕೇಳಿದವನಲ್ಲ,
ಆಡಿದವನು.
ಶನಿವಾರ ಸಂಜೆ, ಸೈಕಲ್ ರಿಪೇರಿಯವರ ಸಂಘದ ಹಿಂದಿನ ಕೋಣೆ,
ನಾಲ್ವರು, ಒಣ ಬೀನ್ಸ್ ಕಾಳಿನ ಲೆಕ್ಕ.
ಅವರ ಕಟ್ಟಿನಲ್ಲಿ ರಾಜನಿಗೂ ಎರಡು ತಲೆ,
ಹೇಗೆ ಹಿಡಿದರೂ ನೆಟ್ಟಗೆ.
ನೇತುಬಿದ್ದ ಈ ಹನ್ನೆರಡನೆಯವನಿಗೆ
ಅವರ ಬಾಯಲ್ಲಿ ಒಂದೇ ಹೆಸರು:
ದ್ರೋಹಿ.
ದ್ರೋಹಿಯನ್ನಿಳಿಸಿ ಮುದುಕನನ್ನು ಗೆದ್ದೆ ಎನ್ನುವನು ಅಪ್ಪ.
ಮರುಕ್ಷಣ ಸಾವು ಬಂದು ದ್ರೋಹಿಯನ್ನು ಒಯ್ದರೆ
ಥೂ ಎಂದು ವೈನು ಬಗ್ಗಿಸುವನು.

ಬಹಳ ಹಿಂದೆ ಈ ಸೀಮೆಯಲ್ಲಿ
ಕೊಟ್ಟ ಮಾತು ನುಂಗಿದವನ ಚಿತ್ರವನ್ನು
ಸಂತೆಗೆ ಕಾಣುವ ಗೋಡೆಯ ಮೇಲೆ
ಹೀಗೇ ಬರೆಸುತ್ತಿದ್ದರಂತೆ, ತಲೆಕೆಳಗು.

ಯಾಕೆ, ಮುಖ ಬಿಳಿಚಿತು?
ನಾನೇನೂ ಕೇಳಲಿಲ್ಲ.
ನೀನೇ ಶುರು ಮಾಡಿದೆ, ಟೇಬಲ್ ಬಟ್ಟೆಯ ನೂಲೆಳೆಯುತ್ತ:
ಪ್ಯಾಕಿಂಗ್ ಯಂತ್ರದ ಕಾರ್ಖಾನೆ,
ಮುಷ್ಕರದ ಮೂರನೇ ವಾರ,
ಮಗಳ ಹಲ್ಲಿನ ತಂತಿಗೆ ಬಾಕಿ ಕಂತು,
ಮ್ಯಾನೇಜರು ತರಿಸಿದ ಕಾಫಿ,
ಹನ್ನೊಂದು ಹೆಸರು.
ಬರೆದ ಪೆನ್ನೂ ಅವನದೇ.
ಕಾಫಿ ಚೆನ್ನಾಗಿತ್ತು, ಅದೇ ನನ್ನನ್ನು ಕೊಲ್ಲುವುದು, ಅಂದೆ.

ಅರ್ಥ ಹೇಳು ಝೆಲಿಂದಾ, ಅಂದೆ.

ಏನು ಹೇಳಲಿ? ನೀನು ಎದುರು ಕೂತವನು.
ನನ್ನ ಕಡೆಯಿಂದ ನೇತಾಡುವವನು
ನಿನ್ನ ಕಡೆಯಿಂದ ನಿಂತಿದ್ದ,
ಒಂಟಿ ಕಾಲಲ್ಲಿ, ಕುಣಿತದ ನಡುವೆ ತಡೆದ ಹಾಗೆ.
ಇಲ್ಲಿ ಕೂರುವವರೆಲ್ಲ ಇದನ್ನೇ ಹಿಡಿದುಕೊಳ್ಳುತ್ತಾರೆ:
ಅಯ್ಯೋ, ಇವನು ಕುಣಿಯುತ್ತಿದ್ದಾನಲ್ಲ!
ಹೌದು ಹೌದು, ಅನ್ನುತ್ತೇನೆ. ಬಾಡಿಗೆ ಕಟ್ಟಬೇಕು ನಾನೂ.

ನೀನು ಮಾತ್ರ ಕಾರ್ಡಿನ ಅಂಚಿಗೆ ಬೆರಳಿಟ್ಟು
ಮೆಲ್ಲಗೆ ತಿರುಗಿಸಿದೆ,
ಅವನು ನಿನ್ನ ಕಡೆ ನೇತಾಡುವವರೆಗೆ.
ಮೂವತ್ತು ವರ್ಷದಲ್ಲಿ ಯಾರೂ ಹಾಗೆ ಮಾಡಿರಲಿಲ್ಲ.
ನನ್ನ ಪಾಲಿಗೆ ಕುಣಿತ ಬಂತು,
ಏನು ಮಾಡಬೇಕೋ ತಿಳಿಯಲಿಲ್ಲ.

ಮೊದಲು ಯಾರ ಮನೆ? ಎಂದು ಕೇಳಿದೆ.
ಇವಾನೋದು, ಅಂದೆ. ಅವನ ಹೆಂಡತಿ ಬಾಗಿಲು ತೆಗೆಯುವುದಿಲ್ಲ.
ತೆಗೆಯದಿರಲಿ, ಅಂದೆ.

ನೀನಿಳಿದು ಹೋದ ಮೇಲೆ ನೋಡಿದರೆ
ಕೋಟು ಮೊಳೆಯಲ್ಲೇ.
ಕಿಟಕಿ ತೆಗೆದು ಎರಡು ಸಲ ಕೂಗಿದೆ.
ಈ ಊರೇ ಹೀಗೆ, ಬೀದಿಯುದ್ದಕ್ಕೂ ಕಮಾನು,
ಅದರಡಿ ನಡೆಯುವವರು
ಮೇಲಿಂದ ಕಾಣುವುದಿಲ್ಲ.