ಒಣ ಬುರುಡೆ, ಒದ್ದೆ ಬುರುಡೆ

ಬೆಳಿಗ್ಗೆ ಏಳೂವರೆಗೆ, ವಿ.ಸಿ. ಫಾರಂ ಗೇಟಿನಾಚೆ
ಕಬ್ಬಿನ ಟ್ರಾಕ್ಟರೊಂದು ಕೆಮ್ಮಿ ನಿಲ್ಲುವ ಹೊತ್ತಿಗೆ
ನಾನು ಬಿಳಿ ಪೆಟ್ಟಿಗೆಯ ಬಾಗಿಲು ತೆಗೆಯುತ್ತೇನೆ.
ಒಳಗೆ ಎರಡು ಪಾದರಸದ ಬುರುಡೆ:
ಒಂದು ಬತ್ತಲೆ.
ಇನ್ನೊಂದಕ್ಕೆ ಮಲ್ಲು ಬಟ್ಟೆಯ ಟೋಪಿ,
ಟೋಪಿಯ ಬಾಲ ನೀರಿನ ಶೀಷೆಯಲ್ಲಿ.
ಎರಡರ ನಡುವಿನ ದೂರ ನೋಡಿ
ಗಾಳಿಗೆ ಎಷ್ಟು ಬಾಯಾರಿಕೆ ಎಂದು ಬರೆಯುವುದು
ಹತ್ತೊಂಬತ್ತು ವರ್ಷದಿಂದ ನನ್ನ ಸಂಬಳ.

ಆಶಾ ದೇವೀರಮ್ಮನದು ಬೇರೆ ಪುಸ್ತಕ.
ಮನೆ ನಂಬರು, ಕೂಸಿನ ಹೆಸರು,
ಜ್ವರ ಎಷ್ಟು ದಿನ, ಎದೆ ಗೊರಗೊರ ಅನ್ನುತ್ತದೋ ಇಲ್ಲವೋ,
ಮಂಡ್ಯ ಆಸ್ಪತ್ರೆಗೆ ಕಳಿಸಿದ್ದು ಯಾರನ್ನು.
ಅಂಗಿ ಎತ್ತಿ, ಗಡಿಯಾರ ಹಿಡಿದು,
ತುಟಿ ಅಲ್ಲಾಡಿಸದೆ ಉಸಿರು ಎಣಿಸುತ್ತಾಳೆ,
ನಾನು ಮಳೆ ಅಳೆಯುವ ಹಾಗೆ.

ಪುಷ್ಯದಲ್ಲೊಂದು ದಿನ ಬೇಲಿ ಹತ್ತಿರ ನಿಂತು ಕೇಳಿದಳು:
“ಅಲ್ಲ ಸಾ, ನಿಮ್ ಪೆಟ್ಗೆ ಮಳೆ ಬತ್ತದೆ ಅಂತ ಯೋಳ್ತದೆ,
ಕೆಮ್ಮು ಬತ್ತದೆ ಅಂತ ಯೋಳಕ್ಕಿಲ್ವಾ?”
ನಕ್ಕೆ. ಆಮೇಲೆ ನಗು ಬರಲಿಲ್ಲ.

ಭಾನುವಾರ ಅವಳ ಜಗಲಿಯಲ್ಲಿ
ಎರಡೂ ಪುಸ್ತಕ ಪಕ್ಕಪಕ್ಕ ಬಿಚ್ಚಿ ಕೂತೆವು.

ಪುಷ್ಯ, ಮಾಘ. ಬುರುಡೆಗಳು ದೂರ ದೂರ.
ಗಾಳಿಗೆ ದಾಹ. ತುಟಿ ಒಡೆದಿದೆ,
ಮೂಗಿನೊಳಗಿನ ತೇವ, ಹಗ್ಗದ ಮೇಲಿನ ಪಂಚೆಯಂತೆ, ಗರಿಗರಿ.
ಚಳಿಗೆ ಬಾಗಿಲು ಜಡಿದ ಕೋಣೆಯಲ್ಲಿ
ಕೆಮ್ಮಿದವನ ಬಾಯಿಂದ ಹಾರಿದ ಹನಿ
ನೆಲ ಮುಟ್ಟುವ ಮುಂಚೆ ಒಣಗಿ, ಹಗುರಾಗಿ,
ಇಳಿಯುವುದನ್ನೇ ಮರೆತು
ಆಲೆಮನೆ ಹೊಗೆಯಂತೆ ತೇಲುತ್ತದೆ
ಮುಂದಿನ ಮೂಗಿಗೆ ಕಾಯುತ್ತಾ.
ದೇವೀರಮ್ಮನ ಆ ಹಾಳೆಗಳು ತುಂಬಿವೆ.

ಸಿಕ್ಕಿಬಿದ್ದ ಕಳ್ಳ, ಅಂದುಕೊಂಡೆ. ಒಣ ಗಾಳಿ.
ಅವಳು ಎಂಜಲು ಹಚ್ಚಿ ಹಾಳೆ ತಿರುವಿದಳು: ಆಷಾಢ.
ಸೋನೆ ಹಿಡಿದು ಹನ್ನೊಂದು ದಿನ,
ಬುರುಡೆ ಎರಡೂ ಒಂದೇ ಗೆರೆಗೆ ಅಂಟಿ,
ಗಾಳಿಗೆ ಹೊಟ್ಟೆ ತುಂಬ ನೀರು.
ಅಲ್ಲೂ ಹಾಳೆ ತುಂಬಿದೆ.
ಚೈತ್ರ ವೈಶಾಖಕ್ಕೆ ಬಂದರೆ
ದಾಹ ಪುಷ್ಯಕ್ಕಿಂತ ಜಾಸ್ತಿ, ಹಾಳೆ ಮಾತ್ರ ಖಾಲಿ.
ಆಗ ನಮ್ಮೂರೇ ಸೆಕೆ ಎಂದು
ಚಾಪೆ ಸುತ್ತಿಕೊಂಡು ಬಯಲಿಗೆ ಬಂದು ಮಲಗುತ್ತದೆ.

“ಆಷಾಢದಲ್ಲಿ ಏನು ಮಾಡುತ್ತೀರಿ?”
“ಇನ್ನೇನ್ ಮಾಡವಾ, ಕಿಟ್ಕಿ ಮುಚ್ತೀವಿ.”
ಅವಳೇ ಹೇಳಿ, ಅವಳೇ ಸುಮ್ಮನಾದಳು.

ಅಂಗನವಾಡಿ. ಹತ್ತಡಿ, ಹನ್ನೆರಡಡಿ. ಇಪ್ಪತ್ತಾರು ಕೂಸು.
ಎರಚಲು ಬಡಿಯುತ್ತದೆಂದು ಪಡುವಣ ಕಿಟಕಿಗೆ
ಯೂರಿಯಾ ಚೀಲ ಹರಿದು ಮೊಳೆ ಹೊಡೆದಿದ್ದಾರೆ.
ಒಳಗೆ ಉಪ್ಪಿಟ್ಟಿನ ಹಬೆ, ಒದ್ದೆ ಚಡ್ಡಿಯ ವಾಸನೆ,
ಒಬ್ಬ ಕಳಚಿದ ಉಸಿರನ್ನು
ಇನ್ನೊಬ್ಬಳು ತೊಟ್ಟುಕೊಳ್ಳುತ್ತಾ.
ನಾನು ಇಷ್ಟು ವರ್ಷ ಬರೆದದ್ದು ಹೊರಗಿನ ಗಾಳಿ.
ಇವರು ಉಸಿರಾಡಿದ್ದು ಇದನ್ನು.

ಮಾರನೆಯ ದಿನ ದೇವೀರಮ್ಮ ನನ್ನ ಪೆಟ್ಟಿಗೆಯನ್ನು
ಮೊದಲ ಸಲ ಸುತ್ತು ಹಾಕಿ ನೋಡಿದಳು:
ಓರೆ ಹಲಗೆ, ಅದರ ಕೆಳಗೆ ಓರೆ ಹಲಗೆ,
ಮಳೆಗೆ ಜಾರುಬಂಡೆ, ಗಾಳಿಗೆ ಬಾಗಿಲು.
“ಒಳೀಕೆ ಒಂದ್ ತೊಟ್ಟೂ ಬೀಳಕ್ಕಿಲ್ವಾ?”
“ಬಿದ್ದರೆ ನನ್ನ ಲೆಕ್ಕವೇ ಸುಳ್ಳು.”
“ಗಾಜಿನ್ ಕಡ್ಡಿಗೆ ಕಟ್ಟಿರೋ ಮನೆಯ
ಕೂಸ್ಗೊಳ್ಗೆ ಯಾಕ್ ಸಾ ಕಟ್ನಿಲ್ಲ?”

ಬಡಗಿ ಇನಾಯತ್ ನೂಲಿನಲ್ಲಿ ಅಳತೆ ತೆಗೆದ.
ಹಳೆ ಲಾರಿಯ ಹಲಗೆ ಸೀಳಿ
ಪಡುವಣ ಕಿಟಕಿಗೆ ಒಂಬತ್ತು ಓರೆ ಪಟ್ಟಿ ಕೂರಿಸಿದ.
ಪಂಚಾಯ್ತಿ ದುಡ್ಡು ಇನ್ನೂ ಬಂದಿಲ್ಲ.

ಈ ಆಷಾಢವೂ ಕೂಸುಗಳು ಕೆಮ್ಮಿದವು.
ಹೋದ ಸಲಕ್ಕಿಂತ ಕಮ್ಮಿಯೋ?
ಒಂದೇ ಮಳೆಗಾಲ ನೋಡಿ ಏನೂ ಹೇಳಲಾಗದು, ಎಂದೆ.
ಅವಳು ಮೂತಿ ಸೊಟ್ಟಗೆ ಮಾಡಿ
ಪುಸ್ತಕದ ಅಂಚಿಗೆ ಹೊಸದೊಂದು ಗೆರೆ ಎಳೆದಳು:
ಕಿಟಕಿ, ತೆರೆದಿತ್ತೋ, ಮುಚ್ಚಿತ್ತೋ.

ಮಧ್ಯಾಹ್ನದ ಓದು, ಎರಡೂವರೆ. ಸೋನೆ.
ಬತ್ತಲೆಯದು ಇಪ್ಪತ್ಮೂರು,
ಟೋಪಿಯದು ಇಪ್ಪತ್ತೆರಡೂವರೆ.
ನಾಲೆಯಾಚೆ ಪಟ್ಟಿಗಳ ಸಂದಿಯಿಂದ
ಯಾರೋ ಹನ್ನೊಂದಾದ ಮೇಲೆ ಹದಿನಾಲ್ಕು ಎನ್ನುವುದು
ಇಲ್ಲಿಗೇ ಕೇಳಿಸುತ್ತದೆ.
ಮೊದಲು ಕೇಳಿಸುತ್ತಿರಲಿಲ್ಲ.