ಹದಿನೇಳು

ಟಾಡ್‌ಮರ್ಡನ್ ಊರಿನ ಹಳೆಯ ಹತ್ತಿಗಿರಣಿ
ರಾತ್ರಿ ಎರಡೂಕಾಲಿಗೆ ಮೊಣಕಾಲೂರಿ ಕೂತಿತು.
ಐದು ಅಂತಸ್ತು ಇದ್ದದ್ದು, ಈಗ ಒಂದೂವರೆ.
ಒಳಗೆ ಕಾವಲುಗಾರ ಎಲ್ಡನ್ ಗ್ರೀನ್‌ವುಡ್,
ಅವನ ಫ್ಲಾಸ್ಕು, ಅವನ ರೇಡಿಯೊ.

ನಾಯಿ ಅಂಗಾಲು ಕೊಯ್ದುಕೊಂಡು ಹಿಂದೆ ಬಂತು.
ಕ್ರೇನು ಬೇಡವೆಂದರು ಸಟ್‌ಕ್ಲಿಫ್ ಸಾಹೇಬರು:
ಒಂದು ಇಟ್ಟಿಗೆ ಸೀನಿದರೂ ಉಳಿದದ್ದು ಬೀಳುತ್ತದೆ.
ಆಮೇಲೆ ನಮ್ಮ ವ್ಯಾನಿನ ಕಡೆ ನೋಡಿದರು,
ನಂಬಿಕೆಯಿಂದಲ್ಲ,
ನೋಡಲು ಬೇರೆ ಯಾರೂ ಉಳಿದಿರಲಿಲ್ಲ.

ನಲವತ್ತು ಇದ್ದವು. ಅಂಗೈಯಗಲ.
ಬೆನ್ನ ಮೇಲೆ ಅಂಕಿ, ಫರ್ಜಾನಾಳ ಉಗುರುಬಣ್ಣದಲ್ಲಿ.
ಸಂದಿಯ ಬಾಯಿಗೆ ಸುರಿದೆವು, ಮೊರದಿಂದ ಕಾಳು ಸುರಿದಂತೆ.

ಅವುಗಳಲ್ಲಿ ಹಿರಿಯನೆಂಬುವನಿಲ್ಲ,
ಹೇಳುವವರಿಲ್ಲ, ಕೇಳುವವರಿಲ್ಲ.
ಪಕ್ಕದ್ದು ತೀರ ಹತ್ತಿರ ಬಂದರೆ ಸರಿದುಕೋ,
ದೂರವಾದರೆ ಸೇರಿಕೋ,
ಸದ್ದು ಕೇಳಿದರೆ ಕೂಗಿ ಹೇಳು.
ಮೂರೇ ಮಾತು. ಇಷ್ಟನ್ನು ಕಲಿಸಲು
ನನಗೆ ಏಳು ವರ್ಷ ಹಿಡಿದಿದೆ.

ಪರದೆಯ ಮೇಲೆ ಹಸಿರು ಚುಕ್ಕಿಗಳು ಹರಡಿದವು,
ತಡವರಿಸಿದವು, ಒಂದು ಮೂಲೆಯಲ್ಲಿ ಗುಂಪುಗೂಡಿದವು.
‘ಸಿಕ್ಕ!’ ಎಂದು ಕಿರುಚಿದೆ.
ಒಡೆದ ಕೊಳಾಯಿ ತೊಟ್ಟಿಕ್ಕುತ್ತಿತ್ತು.
ಸಟ್‌ಕ್ಲಿಫ್ ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ಚುಕ್ಕಿಗಳು ಆರತೊಡಗಿದವು:
ನಾಲ್ಕು, ಇಪ್ಪತ್ತೆರಡು, ಮೂವತ್ತು.

ನಾಲ್ಕೂವರೆಗೆ, ನಾವು ಬರೆದು ಬಿಟ್ಟುಬಿಟ್ಟಿದ್ದ ಕಡೆಯಿಂದ
ಹದಿನೇಳು ಕೂಗಿತು.
ಅದರಿಂದ ಒಂಬತ್ತಕ್ಕೆ, ಒಂಬತ್ತರಿಂದ ಮೂವತ್ತೆಂಟಕ್ಕೆ
ಬಾಯಿಂದ ಬಾಯಿಗೆ ಸುದ್ದಿ ಹೊರಗೆ ಬಂತು:
ಕಬ್ಬಿಣದ ತೊಲೆಗೆ ಫ್ಲಾಸ್ಕಿನ ಮುಚ್ಚಳ.
ಮೂರು ಬಡಿತ. ಬಿಡುವು. ಮೂರು ಬಡಿತ.

ಕೈಯಿಂದಲೇ ಇಟ್ಟಿಗೆ ತೆಗೆದರು, ಒಂಬತ್ತು ಗಂಟೆ.

ಆಸ್ಪತ್ರೆಯಲ್ಲಿ ಎಲ್ಡನ್ ನನ್ನ ತೋಳು ಹಿಡಿದುಕೊಂಡ.
‘ಉಳಿದವು ಬಂದವು, ಮೂಸಿದವು, ಹೋದವು.
ಆ ಒಂದು ಮಾತ್ರ ನನ್ನ ಬಿಟ್ಟು ಹೋಗಲಿಲ್ಲ.
ಮೊಣಕೈ ಪಕ್ಕ ದೀಪ ಹಚ್ಚಿಕೊಂಡು ಕೂತೇ ಇತ್ತು.
ನನ್ನ ಪಾರಿವಾಳಗಳ ಕಥೆಯನ್ನೆಲ್ಲ ಅದಕ್ಕೆ ಹೇಳಿದೆ.
ಹಾಗೆ ಕೂತಿರು ಅಂತ ನೀವೇ ಕಲಿಸಿದ್ದಾ?’

ಹದಿನೇಳರ ಎಡಚಕ್ರ ಮುರಿದಿತ್ತು.
ಅವನ ಪಕ್ಕದಿಂದ ಹೊರಡಲು ಅದು
ಸಾವಿರದ ಮುನ್ನೂರ ಹನ್ನೊಂದು ಸಲ ಒದ್ದಾಡಿದ್ದು
ದಾಖಲೆಯಲ್ಲಿದೆ, ಗಂಟೆ ನಿಮಿಷದ ಸಮೇತ.

‘ಹೂಂ’ ಅಂದೆ.
ಆಮೇಲೆ, ಏನಾದರೂ ಕೇಳಬೇಕಲ್ಲ ಎಂದು,
ಪಾರಿವಾಳ ಎಷ್ಟಿವೆ ಅಂತ ಕೇಳಿದೆ.

ಹನ್ನೆರಡು, ಅಂದ.
ಒಂದು ಇನ್ನೂ ಬರಬೇಕು.