ಬೈತಖೋಲದಲ್ಲಿ ಎರಡನೇ ಅಳತೆ

ಬೆಳಗಿನ ಜಾವ ಬಂದು ನಿಂತಿದೆ ಪೊಟ್ಯಾಷ್ ಹಡಗು.
ದೋಣಿಯಿಂದ ಬಗ್ಗಿ ಅದರ ಕೆಂಪು ಹೊಟ್ಟೆಯ ಮೇಲಿನ
ಬಿಳಿ ಅಂಕಿಗಳನ್ನು ಓದುತ್ತೇನೆ:
ಅಲೆ ಏರಿದರೆ ಆರೂವರೆ ಮೀಟರು, ಇಳಿದರೆ ಆರು ಮೂವತ್ತು.
ಹತ್ತು ಸಲ ನೋಡಿ ನಡುವಿನದನ್ನು ಬರೆಯಬೇಕು.
ಆರು ನಲವತ್ತು.
ಇಪ್ಪತ್ತಾರು ವರ್ಷದಿಂದ ಇದೇ ನನ್ನ ಅನ್ನ,
ಹಡಗು ಎಷ್ಟು ಮುಳುಗಿದೆ ಎಂದು ಹೇಳುವುದು.
ಖಾಲಿಯಾದ ಮೇಲೆ ಮತ್ತೆ ಹೋಗಿ ನೋಡುತ್ತೇನೆ,
ಎಷ್ಟು ಮೇಲೆದ್ದಿತೋ ಅಷ್ಟು ಸರಕು.
ಅದಕ್ಕೆ ಡಾಲರು ಹಚ್ಚುವುದು ಕಸ್ಟಮ್ಸಿನ ಪೆಡ್ನೇಕರರ ಕೆಲಸ,
ಅವರ ಕನ್ನಡಕ, ಅವರ ಪುಣ್ಯ.

ಈ ಸಲ ಧಾರವಾಡದಿಂದ ಅಫ್ರೀನ್ ಕಿತ್ತೂರ ಬಂದಿದ್ದಾಳೆ,
ಪಿಎಚ್.ಡಿ.ಗೆ, ಲ್ಯಾಪ್‌ಟಾಪಿಗೆ ಕೊಡೆ ಹಿಡಿದು.
"ಡಾಲರು ಎಲ್ಲಾ ಕಡೆ ಒಂದ ಉದ್ದ ಇರೂದಿಲ್ಲ ಕಾಕಾ.
ಅಲ್ಲಿ ಒಂದು ಬರೂವಷ್ಟರಾಗ ಇಲ್ಲಿ ಮೂರೂವರೆ ಬರತಾವು.
ಕೊಳ್ಳೂ ಶಕ್ತಿಲೆ ಅಳದ್ರ
ನಿಮ್ಮ ಈ ಹಡಗ ಮೂರೂವರೆ ಪಟ್ಟು ದೊಡ್ಡದು."

ತಿರುಗಿ ನೋಡಿದೆ. ಹಡಗು ಇದ್ದಷ್ಟೇ ಇತ್ತು.
ಮೂರೂವರೆ ಪಟ್ಟು ಎಂದರೆ ಇಪ್ಪತ್ತೆರಡು ಮೀಟರು ಚಿಲ್ಲರೆ,
ಬೈತಖೋಲದಲ್ಲಿ ಅಷ್ಟು ನೀರೇ ಇಲ್ಲ ತಾಯಿ,
ತಳದ ಕೆಸರಿನಲ್ಲಿ ಹೂತುಹೋಗುತ್ತದೆ ನಿನ್ನ ಲೆಕ್ಕ.

ಹಾಗಂತ ಅವಳದು ಸುಳ್ಳೂ ಅಲ್ಲ.
ಹೋದ ವರ್ಷ ಒಬ್ಬ ಗ್ರೀಕ್ ಇಂಜಿನಿಯರ
ಕೋಡಿಬಾಗದ ವಿಠೋಬನ ಅಂಗಡಿಯಲ್ಲಿ ತಲೆ ಕೊಟ್ಟು,
ಹತ್ತು ಡಾಲರಿನ ನೋಟು ಇಟ್ಟು ಎದ್ದು ನಡೆದಿದ್ದ.
ಚಿಲ್ಲರೆ ಹಿಡಿದು ಬಂದರದ ಗೇಟಿನವರೆಗೆ ಓಡಿದ ವಿಠೋಬ.
ಆತ ನಕ್ಕು, ಎರಡು ಬೆರಳನ್ನು ಕತ್ತರಿ ಮಾಡಿ ತೋರಿಸಿದನಂತೆ:
ನಮ್ಮಲ್ಲಿ ಇಷ್ಟಕ್ಕೆ ಇದು ಬಾಯಿಯೇ ತೆರೆಯುವುದಿಲ್ಲ.
ಸರಿ.
ಆದರೆ ಕ್ಷೌರ ಹಡಗಿನಲ್ಲಿ ಬರುವುದಿಲ್ಲವಲ್ಲ.
ಹಡಗಿನಲ್ಲಿ ಬರುವುದು ಪೊಟ್ಯಾಷು,
ಅದು ಯಾವ ಬಂದರದಲ್ಲೂ ಮುಖ ನೋಡಿ ದರ ಹೇಳುವುದಿಲ್ಲ.

ಮಧ್ಯಾಹ್ನ ಅವಳನ್ನು ಮೀನು ಪೇಟೆಗೆ ಕರೆದೊಯ್ದೆ.
ಗುಲಾಬಿ ಹರಿಕಂತ್ರ ಮಣೆಯ ಮೇಲೆ
ಒಂದು ಕಾಲು ಉದ್ದ ಚಾಚಿ ಕೂತಿದ್ದಳು.
ಒಂದು ಚೀಲ ಗೊಬ್ಬರಕ್ಕೆ ಎಷ್ಟು ಬುಟ್ಟಿ ಬಂಗಡೆ, ಹೇಳು?
"ಯಾವ ತಿಂಗಳ ಬಂಗಡೆ?" ಎಂದಳು.
"ಬೋಟು ಕಟ್ಟಿದಾಗ ಒಂದು ಬುಟ್ಟಿಗೆ ನಾಲ್ಕು ಚೀಲ ಬರ್ತದೆ.
ನಾರಳಿ ಹುಣ್ಣಿಮೆ ಕಳೆದು ರಾಶಿ ಬಿದ್ದಾಗ
ಬುಟ್ಟಿ ಕೊಟ್ಟು ಕೈಮುಗಿದರೂ ಒಂದು ಚೀಲ ಇಲ್ಲ."
ಅಫ್ರೀನ್ ಬರೆದುಕೊಂಡಳು, ಹೊಡೆದುಹಾಕಿದಳು.
ಅಳೆಯುವ ಕೋಲೇ ಅಲೆಯ ಮೇಲಿದೆ,
ಇವಳೂ ಇನ್ನು ಹತ್ತು ಸಲ ಬಗ್ಗಿ ನೋಡಬೇಕು.

ಕಾಲಿಗೇನಾಯ್ತು ಎಂದು ಕೇಳಿದ್ದು ಅವಳೇ, ಮರ್ಯಾದೆಗೆ.
ಗುಲಾಬಿ ಸೀರೆ ಸರಿಸಿ ಮಂಡಿ ತೋರಿಸಿದಳು,
ಸುಲಿದ ಕಾಯಿಯಷ್ಟು ಊದಿತ್ತು.
"ಬೇರೆ ಹಾಕಬೇಕಂತೆ. ಹೊರದೇಶದ್ದು.
ಮಡಗಾಂವದ ಡಾಕ್ಟರು ಒಂದೂವರೆ ಲಕ್ಷ ಅಂದ,
ಬರೀ ಮಂಡಿಗೆ. ಕೊಯ್ಯೂದು ಬೇರೆ."
ಬುಟ್ಟಿಗೆ ಇನ್ನೂರು ಉಳಿದರೆ...
ಅಫ್ರೀನಳ ಬೆರಳು ತಾನಾಗಿ ಓಡಿ ನಿಂತಿತು:
ಏಳುನೂರ ಐವತ್ತು ಬುಟ್ಟಿ.
"ಅಷ್ಟು ಹೊತ್ತರೆ ಆಚೆ ಮಂಡಿಯೂ ಹೋಗ್ತದೆ ಮಗಾ!"
ಗುಲಾಬಿ ನಕ್ಕ ನಗುವಿಗೆ
ನೊಣಗಳೆಲ್ಲ ಎದ್ದು ಮತ್ತೆ ಕೂತವು.

ಊಟ ಅಗ್ಗ ಇಲ್ಲಿ, ವಿಠೋಬನ ಕತ್ತರಿ ಅಗ್ಗ,
ತಲೆಯ ಮೇಲೆ ಹೊತ್ತದ್ದೂ ಅಗ್ಗ,
ಹಡಗಿಳಿದು ಬಂದದ್ದಕ್ಕೆ ಮಾತ್ರ ನಮ್ಮ ಭಾಷೆ ತಿಳಿಯದು.
ಮೂರೂವರೆ ಪಟ್ಟು ನಿಜವೇ ಇರಬೇಕು ಹಾಗಾದರೆ.
ನಾನು ಅದನ್ನು ನೀರಿನಲ್ಲಿ ಹುಡುಕುತ್ತಿದ್ದೆ.

ಮೂರನೇ ದಿನ ಸಂಜೆ ಹಡಗು ಹಗುರಾಗಿ ಎತ್ತರ ನಿಂತಿತ್ತು.
ಟಾರ್ಚು ಹಿಡಿದು ಓದಿದೆ: ಎರಡು ತೊಂಬತ್ತು. ಸಹಿ ಹಾಕಿದೆ.
ಅಫ್ರೀನ್ ಬಸ್ಸು ಹತ್ತಿಯಾಗಿತ್ತು,
ಬುಟ್ಟಿಯ ಅಂಕಿಯನ್ನು ಯಾವ ಸಾಲಿನಲ್ಲಿ ಇಟ್ಟಳೋ ತಿಳಿಯದು.
ಪೇಟೆಯ ದೀಪ ಒಂದೊಂದೇ ಆರುವಾಗ
ಗುಲಾಬಿ ಗೋಡೆ ಹಿಡಿದು ಏಳುತ್ತಿದ್ದಳು,
ಅರ್ಧಕ್ಕೆ ಕೂತು, ಮತ್ತೆ ಏಳುತ್ತಿದ್ದಳು.
ಬುಟ್ಟಿ ಇತ್ತ ಕೊಡು ಎಂದು ಕೈ ಚಾಚಿದೆ.
ಖಾಲಿ ಬುಟ್ಟಿ.
ಅದೂ ಭಾರವೇ ಇತ್ತು.